ಅಣ್ಣನ ಬೂಟಿನೊಳಗಿನ ನೀರು

ಕರ್... ಕರ್... ಕರ್... ಒಡೆದ ಗಾಜಿನ ಚೂರಿನಿಂದ ದೋಣಿಯ ಹಳೆಯ ಬಣ್ಣ ಕೆರೆಯುವ ಸದ್ದು. ಆ ವರ್ಷದ ಮಳೆಗಾಲ ಎಂದರೆ ನನಗೆ ಮಳೆಯ ಸದ್ದು ನೆನಪಾಗುವುದಿಲ್ಲ, ಇದೇ ನೆನಪಾಗುತ್ತದೆ. ಬೆಳಗಿನ ಚಹಾ ಮುಗಿಯುವ ಮೊದಲೇ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅದು ಶುರುವಾಗುತ್ತಿತ್ತು. ನನ್ನ ಹಲ್ಲು ಜುಮ್ಮೆನ್ನುತ್ತಿದ್ದವು. ಒಳಗೆ ಮಂಚದ ಮೇಲೆ ಮಲಗಿರುತ್ತಿದ್ದ ಅಣ್ಣ ಮಾತ್ರ ಕಣ್ಣು ಮುಚ್ಚಿ, ಯಾವುದೋ ಒಳ್ಳೆಯ ಹಾಡು ಕೇಳುವವನಂತೆ ಎಡಗೈ ಬೆರಳು ಆಡಿಸುತ್ತಿದ್ದ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು. ಹಾಸ್ಟೆಲ್ಲಿನ ಹುಡುಗಿಯರು ಬಾವಿಯ ಹತ್ತಿರ ಬಿಳಿ ಸೀರೆ ಕಂಡೆವೆಂದು ಕಿರುಚಿಕೊಂಡರೆ, ನಮ್ಮ ಸಿಸ್ಟರ್ ಒಬ್ಬರು ಟಾರ್ಚ್ ಹಿಡಿದು ತಾವೇ ಹೋಗಿ, ಒಣಹಾಕಿದ್ದ ಬೆಡ್‌ಶೀಟನ್ನು ಎಳೆದು ತಂದು ನಮ್ಮ ಮುಂದೆ ಬಿಸಾಡುತ್ತಿದ್ದರು. ಎಲ್ಲ ದೆವ್ವದ ಹಿಂದೆಯೂ ಒಂದು ಬೆಡ್‌ಶೀಟ್ ಇದ್ದೇ ಇರುತ್ತದೆ ಎನ್ನುವುದು ಅವರು ಕಲಿಸಿದ ಪಾಠ. ಮುಂದೆ ನಾನು ಬಸವನ ಬಾಗೇವಾಡಿಯಲ್ಲಿ ಇಂಗ್ಲಿಷ್ ಕಲಿಸುತ್ತ ಇಡೀ ಸರ್ವಿಸ್ ಕಳೆದೆ. ಮೈಮೇಲೆ ಬಂದವರನ್ನು, ದೃಷ್ಟಿ ತೆಗೆಸುವವರನ್ನು, ಅಮಾವಾಸ್ಯೆಗೆ ಹೆದರುವವರನ್ನು ನೋಡಿ ‘ನಾನ್ಸೆನ್ಸ್’ ಎಂದು ಮುಖಕ್ಕೇ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಈಗ ಹೇಳುವಾಗ ದನಿ ಮೊದಲಿನಷ್ಟು ಜೋರಾಗಿ ಬರುವುದಿಲ್ಲ.

ನಮ್ಮಂಥ ಬಯಲುಸೀಮೆಯವರ ಮನೆಯಲ್ಲಿ ದೋಣಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅಣ್ಣ ಮುಂಬಯಿಯ ಬಂದರಿನಲ್ಲಿ ಇಂಜಿನಿಯರ್ ಆಗಿದ್ದ. ರಿಟೈರ್ ಆಗಿ ಅತ್ತಿಗೆಯೊಂದಿಗೆ ಊರಿಗೆ ಬಂದಾಗ ಆಲಮಟ್ಟಿಯ ಹಿನ್ನೀರು ತುಂಬಿ ನಿಂತಿತ್ತು. ಜೋಳದ ಹೊಲವಿದ್ದಲ್ಲಿ ಆಚೆ ದಂಡೆ ಕಾಣದಷ್ಟು ನೀರು. ಅದನ್ನು ನೋಡಿದ್ದೇ ತಡ, ಮುಂಬಯಿಯ ಯಾವುದೋ ಕ್ಲಬ್ಬಿನವರು ಬೇಡವೆಂದು ಮೂಲೆಗೆಸೆದಿದ್ದ ಕಟ್ಟಿಗೆಯ ಸೈಲಿಂಗ್ ಡಿಂಗಿಯೊಂದನ್ನು ಲಾರಿಯಲ್ಲಿ ತರಿಸಿಬಿಟ್ಟ. ಚಿಕ್ಕದು, ಇಬ್ಬರು ಮೂವರು ಕೂರುವಂಥದು. ನಡುವೆ ಒಂದು ಕಂಬ, ಅದಕ್ಕೊಂದು ಹಾಯಿ. ಭಾನುವಾರ ಬಂದರೆ ನಿಡಗುಂದಿಯ ಆಚೆ ಹೋಗಿ ನೀರಿಗೆ ಇಳಿಯುತ್ತಿದ್ದ. ದಂಡೆಯ ಮೇಲಿನ ಕುರಿಗಾಹಿಗಳು ‘ಸಾಹೇಬ್ರು ಗಾಳ್ಯಾಗ ಲುಂಗಿ ಒಣಗಸಾಕ ಬಂದ್ರು ನೋಡ್ರೋ’ ಎಂದು ನಗುತ್ತಿದ್ದರಂತೆ. ನಾನು ಒಂದೇ ಸಲ ಹತ್ತಿ, ವಾಂತಿ ಮಾಡಿಕೊಂಡು, ಇನ್ನು ಸಾಕು ಎಂದಿದ್ದೆ.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ನನ್ನ ಮನೆಗೇ ಬಂದ. ನಾನು ಮದುವೆಯಾದವಳಲ್ಲ, ಮನೆಯಲ್ಲಿ ಜಾಗವಿತ್ತು. ದೋಣಿಯೂ ಬಂತು, ಶೆಡ್ಡಿನಲ್ಲಿ ಬೋರಲಾಗಿ ಬಿತ್ತು. ಪಕ್ಕದ ಮನೆಯ ಕೋಳಿಗಳು ಅದರಡಿ ಮೊಟ್ಟೆಯಿಟ್ಟವು. ಆಮೇಲೆ ಅಣ್ಣನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಒಂದು ‘ಹೂಂ’ ಕೂಡ ಬರುತ್ತಿರಲಿಲ್ಲ. ಅವನ ಒಬ್ಬಳೇ ಮಗಳು ಸುಮಿ ಪುಣೆಯಲ್ಲಿದ್ದಾಳೆ. ದೀಪಾವಳಿ ಆದ ಕೂಡಲೇ ಅಪ್ಪನನ್ನು ಕರೆದುಕೊಂಡು ಹೋಗಿ ಅಲ್ಲೇ ದಿನಾ ಫಿಜಿಯೋಥೆರಪಿ ಮಾಡಿಸುತ್ತೇನೆ ಎಂದಳು. ಅವಳು ಹೇಳಿದ್ದು ಸರಿಯೇ ಇತ್ತು. ನನ್ನ ಮಂಡಿಗಳು ನನ್ನನ್ನೇ ಎತ್ತುತ್ತಿರಲಿಲ್ಲ, ಅಣ್ಣನನ್ನು ಹೇಗೆ ಎತ್ತಿಯಾವು?

ಸುಮಿಯ ಫೋನ್ ಬಂದ ದಿನ ಅಣ್ಣ ಎಡಗೈಯಿಂದ ನನ್ನ ಸೆರಗು ಹಿಡಿದೆಳೆದು ಹಿತ್ತಲ ಕಡೆ ಬೆರಳು ಮಾಡಿದ. ನೀರು ಬೇಕೇ? ಅಲ್ಲ. ಬಾತ್‌ರೂಮೇ? ಅಲ್ಲ. ಕೊನೆಗೆ ಸಿಟ್ಟಿಗೆದ್ದು ಗಾಳಿಯಲ್ಲಿ ತ್ರಿಕೋನ ಬರೆದು ತೋರಿಸಿದ. ಹಾಯಿ! ದೀಪಾವಳಿಯೊಳಗೆ ಅಣ್ಣನನ್ನು ಒಂದೇ ಒಂದು ಸಲ ಆ ದೋಣಿಯಲ್ಲಿ ನೀರಿನ ಮೇಲೆ ಕೂರಿಸಬೇಕು. ಆ ಮಳೆಗಾಲದಲ್ಲಿ ನನಗಿದ್ದದ್ದು ಇದೊಂದೇ ಆಸೆ. ಅದು ಎಷ್ಟು ಕಷ್ಟವಾದೀತೆಂದು ಗೊತ್ತಿದ್ದರೆ ಸೆರಗು ಬಿಡಿಸಿಕೊಂಡು ಓಡುತ್ತಿದ್ದೆನೇನೋ.

ದೋಣಿ ಮಾಡುವವರು ನಮ್ಮಲ್ಲಿಲ್ಲ. ಸಿಕ್ಕವನು ಗೊಳಸಂಗಿಯ ಮೌನೇಶ ಬಡಿಗೇರ. ಎತ್ತಿನ ಚಕ್ಕಡಿ ಮಾಡುವ ಮನೆತನ. ಈಗ ಚಕ್ಕಡಿ ಕೇಳುವವರು ಕಡಿಮೆಯಾಗಿ ಬಾಗಿಲು, ಮಂಚ ಮಾಡುತ್ತಿದ್ದ. ದೋಣಿಯ ಸುತ್ತ ಎರಡು ಸುತ್ತು ತಿರುಗಿ, ಬಗ್ಗಿ ಅಡಿ ನೋಡಿ, ‘ಅಕ್ಕೋರ, ಇದಕ್ಕ ಗಾಲಿ ಇಲ್ಲಲ್ರಿ’ ಎಂದ.

‘ದೋಣಿಗೆ ಗಾಲಿ ಯಾಕಪ್ಪಾ?’

‘ಓಡಾಕ ಅಲ್ರಿ. ಪೂಜಿ ಮಾಡಿ ನಿಂಬಿಹಣ್ಣು ಎದರ ಕೆಳಗ ಇಡೂದು ಅಂತ ಕೇಳಿದ್ನಿ.’

ಕೆಲಸ ಶುರುವಾಗುವ ಮೊದಲೇ ಅವನಿಗೆ ಕೊನೆಯ ದಿನದ ನಿಂಬೆಹಣ್ಣಿನ ಚಿಂತೆ! ಇನ್ನು ಅವನ ಕ್ಯಾಲೆಂಡರ್. ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಬಸವಣ್ಣನ ವಾರ. ಎತ್ತು ಹೂಡದ ದಿನ ಚಕ್ಕಡಿಯವನೂ ಬಾಚಿ ಹಿಡಿಯುವುದಿಲ್ಲ. ಅಮಾವಾಸ್ಯೆಗೆ ಬರುವುದಿಲ್ಲ, ಮರುದಿನ ಮೈನೋವು. ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ಹೋದವನು ತಂಗಿಗಿಂತ ತಡವಾಗಿ ಬಂದ. ನಾನು ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಬೈಯುತ್ತಿದ್ದೆ. ಅವನು ‘ಹೌದ್ರಿ ಅಕ್ಕೋರ, ಖರೇ ಐತ್ರಿ’ ಎಂದು ಒಪ್ಪಿಕೊಂಡು ತಂಬಾಕು ತಿಕ್ಕುತ್ತಿದ್ದ.

ಅದಕ್ಕಿಂತ ದೊಡ್ಡ ಅನಾಹುತ ಬೇರೆ ಇತ್ತು. ಚಕ್ಕಡಿಯ ಗಾಲಿ ಮಾಡುವವರು ಒಂದು ಸಂದು ಬಿಡುವುದಿಲ್ಲ. ಕಾಯಿಸಿದ ಕಬ್ಬಿಣದ ಹಳಿಯನ್ನು ಗಾಲಿಗೆ ಕೂರಿಸಿ ನೀರು ಹೊಯ್ದರೆ ಅದು ಇಡೀ ಗಾಲಿಯನ್ನು ಬಿಗಿದು ಹಿಡಿಯಬೇಕು, ಹಾಗೆ ಕೆಲಸ ಮಾಡಿದ ಕೈ ಅದು. ದೋಣಿಯ ಹಲಗೆಗಳ ನಡುವೆ ಅಲ್ಲಲ್ಲಿ ಕೂದಲೆಳೆಯಷ್ಟು ಸಂದು ಕಂಡದ್ದೇ ಮೌನೇಶನಿಗೆ ಅವಮಾನವಾಯಿತು. ಎಲ್ಲಕ್ಕೂ ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುವ, ಪುಟ್ಟಿಯಂಥ ಲಪ್ಪ ತುಂಬಿ, ಮೇಲಿಂದ ಚೆಕ್ಕೆ ಹೊಡೆದು ಬಿಗಿದುಬಿಟ್ಟ. ಒಣ ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಉಬ್ಬಲು ಜಾಗ ಬೇಕು ಎಂದು ಅವನಿಗೂ ಹೊಳೆಯಲಿಲ್ಲ, ಯೂಟ್ಯೂಬ್ ನೋಡಿ ಪಂಡಿತಳಾಗಿದ್ದ ನನಗೂ ಹೊಳೆಯಲಿಲ್ಲ. ಹಿತ್ತಲಲ್ಲೇ ದೋಣಿಗೆ ನೀರು ತುಂಬಿಸಿಟ್ಟೆವು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪಟಾಕಿಯಂಥ ಸದ್ದು. ಓಡಿ ಹೋಗಿ ನೋಡಿದರೆ ಉಬ್ಬಿದ ಹಲಗೆಗಳು ಒಂದನ್ನೊಂದು ತಳ್ಳಿ ಒಂದು ಹಲಗೆ ಸಿಡಿದು ಹೊರಬಂದಿತ್ತು. ಎರಡು ತಿಂಗಳ ಕೆಲಸ! ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಮೌನೇಶ ‘ಕಟಗಿ ಅಂದ್ಮ್ಯಾಲ ಅದಕ್ಕೂ ಸಿಟ್ಟು ಬರ್ತೈತ್ರಿ’ ಎಂದ. ಅವನಿಗೆ ಹೊಡೆಯಬೇಕೆನಿಸಿತು.

ಎಲ್ಲ ಲಪ್ಪ ಕೆರೆದು ತೆಗೆದು, ಹೊಸ ಹಲಗೆ ಕೂರಿಸಿ, ಸಂದುಗಳಿಗೆ ಎಣ್ಣೆಯಲ್ಲಿ ಅದ್ದಿದ ಅರಳೆ ತುಂಬಿ, ಮತ್ತೆ ಬಣ್ಣ. ದಸರೆ ಹೋಯಿತು. ಮತ್ತೆ ನೀರು ತುಂಬಿಸಿದೆವು. ಈ ಸಲ ಮೊದಲು ಜಿನುಗಿತು, ಆಮೇಲೆ ನಿಂತಿತು. ನಾನು ದೋಣಿಯಡಿ ಪೇಪರ್ ಹಾಸಿದೆ. ಬೆಳಗ್ಗೆ ಎದ್ದು ನೋಡಿದರೆ ಪೇಪರು ಗರಿಗರಿ, ಒಂದು ಹನಿಯ ಕಲೆ ಇಲ್ಲ. ಒಳಗಿನ ನೀರು ಬೆರಳಷ್ಟೂ ಇಳಿದಿಲ್ಲ. ಮೌನೇಶ ಮೀಸೆ ತೀಡಿದ.

ನಮ್ಮ ಓಣಿಯಲ್ಲಿ ಟ್ರ್ಯಾಕ್ಟರು, ಟೆಂಪೋ ಇಟ್ಟಿದ್ದ ಮೈಬೂಬನ ಟ್ರ್ಯಾಕ್ಟರಿನಲ್ಲಿ ದೋಣಿಯನ್ನು ಹಿನ್ನೀರಿಗೆ ಒಯ್ದು ಇಳಿಸಿದೆವು. ಮೌನೇಶನೂ ಮೈಬೂಬನೂ ಕೂತು ದಂಡೆಯ ಹತ್ತಿರವೇ ಹುಟ್ಟು ಹಾಕಿದರು. ಒಂದು ಬೀಡಿ ಸೇದಿ ಮುಗಿಸುವುದರೊಳಗೆ ದೋಣಿಯಲ್ಲಿ ಪಾದ ಮುಳುಗುವಷ್ಟು ನೀರು! ಎಳೆದು ತಂದು ಬೋರಲು ಹಾಕಿ ನೋಡಿದರೆ ತೂತಿಲ್ಲ, ಬಿರುಕಿಲ್ಲ. ಮನೆಗೆ ತಂದು ನೀರು ತುಂಬಿಸಿದರೆ ಮತ್ತೆ ಪೇಪರು ಗರಿಗರಿ. ಮತ್ತೆ ಒಯ್ದರೆ ಮತ್ತೆ ಒಳಗೆ ನೀರು. ಒಬ್ಬನೇ ಕೂತರೂ ಅಷ್ಟೆ, ಯಾರೂ ಕೂರದೆ ಹಗ್ಗ ಕಟ್ಟಿ ಬಿಟ್ಟರೂ ಅಷ್ಟೆ.

‘ಒಳಗ ಬರೂದು ಗೊತ್ತೈತಿ, ಹೊರಗ ಹೋಗೂದು ಗೊತ್ತಿಲ್ಲ,’ ಎಂದ ಮೈಬೂಬ. ‘ಥೇಟ್ ನಿಮ್ಮ ಅಳಿಯಾನಂಗ ಐತಿ ಬಿಡೋ ಮೌನಪ್ಪಾ.’

‘ನನ್ನ ಅಳಿಯಾ ಕಡೀಕ ಊಟಕ್ಕರ ಎದ್ದು ಬರ್ತಾನಲೇ,’ ಎಂದ ಮೌನೇಶ. ನಗು ಬರಲಿಲ್ಲ ಅವನಿಗೂ. ನನಗಂತೂ ಆ ದೋಣಿಯನ್ನು ಒಡೆದು ಒಲೆಗೆ ಹಾಕುವಷ್ಟು ಸಿಟ್ಟು. ಅಣ್ಣನಿಗೆ ಏನೂ ಹೇಳಲಿಲ್ಲ. ಹೇಳದೆಯೂ ಅವನಿಗೆ ತಿಳಿದಿತ್ತು. ಮೂವರೂ ಜೋಲು ಮುಖ ಹಾಕಿಕೊಂಡು ಬಂದರೆ ತಿಳಿಯದಿರುತ್ತದೆಯೇ? ಅವನು ಮಾತ್ರ ದಿನವೂ ಬೆಳಗ್ಗೆ ತನ್ನ ಬಿಳಿ ಕ್ಯಾನ್ವಾಸ್ ಬೂಟು ಹಾಕಿಸಿಕೊಂಡು, ರೆಡಿಯಾಗಿ ಕೂರುತ್ತಿದ್ದ.

ದೀಪಾವಳಿ ಮುಗಿಯಿತು. ಸುಮಿ ಬಾಡಿಗೆ ಕಾರು ಮಾಡಿಕೊಂಡು ಬಂದಳು. ಮರುದಿನ ಬೆಳಗ್ಗೆ ಪುಣೆಗೆ ಹೊರಡುವುದು. ನಾನು ಸೋಲೊಪ್ಪಿಕೊಂಡೆ. ಆದರೂ ಒಂದು ಯೋಚನೆ ಮಾಡಿದೆ. ದೋಣಿ ಹೇಗೂ ದಂಡೆಯಲ್ಲೇ ಇದೆ. ಮಂಡಿಯಷ್ಟು ನೀರಿನಲ್ಲಿ ನಿಲ್ಲಿಸಿ, ಅಣ್ಣನನ್ನು ಐದು ನಿಮಿಷ ಕೂರಿಸಿ, ಒಂದು ಫೋಟೋ ತೆಗೆದು ಇಳಿಸಿಬಿಡೋಣ. ಅಷ್ಟರಲ್ಲಿ ಎಷ್ಟು ನೀರು ಬಂದೀತು? ಸುಮಿಗೆ ಹೇಳಿದರೆ ಬೇಡವೆನ್ನುತ್ತಾಳೆ. ಅವಳು ಬಟ್ಟೆ ಜೋಡಿಸುತ್ತಿದ್ದಾಗ, ಅಣ್ಣನನ್ನು ಒಂದಿಷ್ಟು ಗಾಳಿಗೆ ತಿರುಗಾಡಿಸಿಕೊಂಡು ಬರುತ್ತೇನೆಂದು ಹೇಳಿ ಮೈಬೂಬನ ಟೆಂಪೋದಲ್ಲಿ ಹೊರಟೆವು.

ಹೊತ್ತೇರಿದ ಬಿಸಿಲು. ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ಮೌನೇಶನೂ ಮೈಬೂಬನೂ ಅಣ್ಣನನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ನೀರಿನಲ್ಲಿ ನಡೆದು, ದೋಣಿಯ ಹಿಂಭಾಗದ ಹಲಗೆಯ ಮೇಲೆ ಇಳಿಸಿದರು. ಅವನ ಕಾಲು ನೀರಿಗೆ ತಾಗಲಿಲ್ಲ, ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳಬಲ್ಲೆ. ಮೈಬೂಬ ಟ್ರ್ಯಾಕ್ಟರಿನ ಟ್ಯೂಬೊಂದಕ್ಕೆ ಗಾಳಿ ತುಂಬಿ ತಂದಿದ್ದ, ಅದನ್ನೂ ಒಳಗೆಸೆದ. ಅಣ್ಣನನ್ನು ಹಿಡಿದುಕೊಳ್ಳಲು ನಾನೂ ಹತ್ತಿದೆ. ನನ್ನ ಕೈಯಲ್ಲಿ ನೀರು ಗೋರಲೆಂದು ಬಾತ್‌ರೂಮಿನ ಮಗ್. ದೋಣಿಯ ಮೂಗಿಗೆ ಕಟ್ಟಿದ್ದ ಬಾವಿಯ ಹಗ್ಗವನ್ನು ಮೌನೇಶ ಕೈಗೆ ಸುತ್ತಿಕೊಂಡು ನಿಂತ.

ಅಣ್ಣ ಎಡಗೈಯಿಂದ ಚುಕ್ಕಾಣಿ ಹಿಡಿದ. ಹಾಯಿಯ ಕಡೆ ಗಲ್ಲ ಎತ್ತಿ ತೋರಿಸಿದ. ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ ಮೈಬೂಬ, ಇನ್ನೊಂದು ಇನ್ನೂ ಚೆನ್ನಾಗಿ ಬರಲಿ ಎಂದುಕೊಂಡು ನೀರಿನಲ್ಲಿ ನಿಂತೇ ಹಾಯಿ ಏರಿಸಿದ. ಅಷ್ಟೇ, ಎಲ್ಲಿತ್ತೋ ಗಾಳಿ ಬಂದು ತುಂಬಿಕೊಂಡಿತು. ದೋಣಿ ಹೊರಟಿತು. ‘ಹಿಡಿಯೋ, ಹಿಡಿಯೋ’ ಎಂದು ನಾನು ಕೂಗಿದೆ. ಮೌನೇಶ ಹಗ್ಗ ಬಿಡುತ್ತ ಬಿಡುತ್ತ ಎದೆಯುದ್ದ ನೀರಿಗೆ ಬಂದ. ಆಮೇಲೆ ಹಗ್ಗ ಮುಗಿಯಿತು. ‘ಅಕ್ಕೋರ, ಕೈ ಬಿಟ್ಟೇನ್ರಿ!’ ಎಂದು ಅವನು ಕೂಗಿದ್ದು ಕೇಳಿಸಿತು.

ನಾನು ಅತ್ತೆನೋ ಬೈದೆನೋ ನೆನಪಿಲ್ಲ. ಅಣ್ಣ ಹಾಯಿಯ ಹಗ್ಗವನ್ನು ನನ್ನ ಕೈಗೆ ತುರುಕಿದ. ಎಳೆ ಎನ್ನಲು ಹುಬ್ಬು ಏರಿಸುತ್ತಿದ್ದ, ಬಿಡು ಎನ್ನಲು ಇಳಿಸುತ್ತಿದ್ದ. ಚಿಕ್ಕವಳಿದ್ದಾಗ ಕೇರಂ ಆಡುವಾಗ ಹೀಗೇ ಹುಬ್ಬಿನಲ್ಲೇ ನನಗೆ ಹೇಳಿಕೊಡುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಅಣ್ಣ ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು. ದಂಡೆಯ ಜನ ದೂರದಲ್ಲಿ ಕಡ್ಡಿಗಳಂತೆ ಕಂಡರು. ನಾನು ಕ್ಷಣಕ್ಷಣಕ್ಕೂ ಕೆಳಗೆ ನೋಡುತ್ತಿದ್ದೆ, ಈಗ ಬಂತು, ಈಗ ಬಂತು ನೀರು ಎಂದು. ಬರಲಿಲ್ಲ. ಹಲಗೆಯ ಮೂಲೆಯಲ್ಲಿ ಮೌನೇಶ ಆ ಬೆಳಗ್ಗೆ ಉಜ್ಜಿ ಉಳಿಸಿದ್ದ ಕಟ್ಟಿಗೆಯ ಪುಡಿ ಇತ್ತು, ಹಿಟ್ಟಿನಂಥ ಪುಡಿ. ಬೆರಳಿನಿಂದ ಮುಟ್ಟಿ ನೋಡಿದೆ, ಒಣಗಿತ್ತು. ದೊಡ್ಡದೊಂದು ಸುತ್ತು ಹೊಡೆದು ದಂಡೆಗೆ ಬರುವವರೆಗೂ ಆ ಪುಡಿ ಅಲ್ಲೇ ಹಾಗೇ ಇತ್ತು. ಮಗ್‌ನಲ್ಲಿ ಒಂದು ಹನಿ ನೀರು ಗೋರಲಿಲ್ಲ. ನನ್ನ ಸೀರೆಯ ಅಂಚು ಕೂಡ ತೊಯ್ಯಲಿಲ್ಲ.

ದಂಡೆಯಲ್ಲಿ ಸುಮಿ ನಿಂತಿದ್ದಳು. ಓಣಿಯವರು ಯಾರೋ ಹೇಳಿದ್ದರು, ಕಾರು ಹೊಡೆಸಿಕೊಂಡು ಬಂದಿದ್ದಳು. ಮೌನೇಶ, ಮೈಬೂಬ ಮತ್ತೆ ಅಣ್ಣನನ್ನು ಕುರ್ಚಿಯಲ್ಲಿ ಎತ್ತಿಕೊಂಡು ಬಂದು ಒಣನೆಲದಲ್ಲಿ ಇಳಿಸಿದರು. ಸುಮಿ ಅಪ್ಪನ ಮುಂದೆ ಕುಕ್ಕರಿಸಿ ಅವನ ಪ್ಯಾಂಟಿನ ತುದಿ ಮುಟ್ಟಿ ನೋಡಿದಳು.

‘ಅತ್ತಿ, ಏನಿದು? ಪಪ್ಪಾನ್ನ ನೀರಾಗ ನಿಲ್ಲಿಸಿದ್ರೇನು?’

ಅಣ್ಣನ ಪ್ಯಾಂಟು ಮೊಳಕಾಲಿನ ತನಕ ತೊಯ್ದಿತ್ತು. ಗೆರೆ ಎಳೆದಂತೆ, ಎರಡೂ ಕಾಲಿನಲ್ಲಿ ಒಂದೇ ಮಟ್ಟಕ್ಕೆ. ಸುಮಿ ಬೂಟು ಕಳಚಿದಾಗ ಅದರಿಂದ ನೀರು ಸುರಿಯಿತು. ಒಂದು ಬೂಟಿನಿಂದ, ಆಮೇಲೆ ಇನ್ನೊಂದರಿಂದ. ಸಾಕ್ಸ್ ತೆಗೆದರೆ ಬೆರಳುಗಳ ನಡುವೆ ಹಸಿರು ಪಾಚಿ. ಹೊತ್ತುಗಟ್ಟಲೆ ನೀರಿನಲ್ಲಿದ್ದವರ ಹಾಗೆ ಪಾದ ಬೆಳ್ಳಗೆ ನಿರಿಗೆಗಟ್ಟಿತ್ತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೌನೇಶ ಓಡಿಹೋಗಿ ದೋಣಿಯೊಳಗೆ ಕೈಯಾಡಿಸಿ, ಕೈ ಮೇಲೆತ್ತಿ ತೋರಿಸಿದ. ಪುಡಿ ಅಂಟಿತ್ತು, ನೀರಿಲ್ಲ.

‘ಇವ್ರ ಕಾಲ ನೀರಿಗೆ ಹತ್ತಿಲ್ರಿ ತಾಯಿ, ನನ್ನ ಮಕ್ಕಳ ಆಣಿ ಐತಿ,’ ಎಂದ ಮೈಬೂಬ. ಸುಮಿ ನಂಬಲಿಲ್ಲ. ಯಾಕೆ ನಂಬಬೇಕು? ನನ್ನನ್ನು ಪಕ್ಕಕ್ಕೆ ಕರೆದು, ವಯಸ್ಸಾದವರಿಗೆ ಗೊತ್ತಾಗದೆ ಬಟ್ಟೆಯಲ್ಲೇ ಮೂತ್ರವಾಗಿರಬಹುದು ಎಂದು ಮೆಲ್ಲಗೆ ಹೇಳಿದಳು. ಅದೂ ನನ್ನ ತಲೆಗೆ ಬಂದಿತ್ತು, ಮುಚ್ಚಿಡುವುದೇನು? ಆದರೆ ಮೊಳಕಾಲಿನ ಮೇಲೆ ಪ್ಯಾಂಟು ಒಣಗಿತ್ತು. ಮತ್ತು ಆ ನೀರಿಗೆ ಹೊಳೆಯ ಕೆಸರಿನ ವಾಸನೆ ಇತ್ತು. ಇಷ್ಟೆಲ್ಲ ನಡೆಯುವಾಗ ಅಣ್ಣ ಆಚೆಯ ನೀರನ್ನು ನೋಡುತ್ತ, ಮುಖದ ಅರ್ಧ ಭಾಗದಲ್ಲಿ ನಗುತ್ತ ಕೂತಿದ್ದ.

ಅವತ್ತಿನಿಂದ ಇವತ್ತಿನವರೆಗೆ ನಾನು ಎಕ್ಸ್‌ಪ್ಲನೇಶನ್ ಹುಡುಕುತ್ತಿದ್ದೇನೆ. ಅಲೆ ಸಿಡಿಯಿತೇ? ಸಿಡಿದರೆ ಪಕ್ಕದಲ್ಲಿದ್ದ ನನ್ನ ಮೇಲೂ ಸಿಡಿಯಬೇಕಿತ್ತು. ಎತ್ತುವಾಗ ಕಾಲು ಜಾರಿತೇ? ಮೈಬೂಬ ತೆಗೆದ ಫೋಟೋ ನನ್ನ ಮೊಬೈಲಿನಲ್ಲಿದೆ, ದೋಣಿಯಲ್ಲಿ ಕೂತ ಅಣ್ಣನ ಬೂಟು ಬೆಳ್ಳಗೆ, ಪ್ಯಾಂಟಿನ ಇಸ್ತ್ರಿ ಕೂಡ ಕೆಟ್ಟಿಲ್ಲ. ಅಣ್ಣ ಪುಣೆಗೆ ಹೋದ ಮೇಲೆ ಮೌನೇಶ ಹಟಕ್ಕೆ ಬಿದ್ದು ದೋಣಿಯನ್ನು ಮತ್ತೆ ನೀರಿಗಿಳಿಸಿದ. ಬೀಡಿ ಮುಗಿಯುವುದರೊಳಗೆ ಪಾದ ಮುಳುಗಿತು. ‘ಸಾಹೇಬ್ರ ಪಾಲಿನ ನೀರು ಅವ್ರ ತಗೊಂಡ್ರು, ನಮ್ಮ ಪಾಲಿಂದು ನಮಗ ಬಿಟ್ರು’ ಎಂದು ಅವನ ತೀರ್ಮಾನ. ಅದು ಎಕ್ಸ್‌ಪ್ಲನೇಶನ್ ಅಲ್ಲ ಎಂದೆ. ‘ಹೌದ್ರಿ ಅಕ್ಕೋರ’ ಎಂದ. ದೋಣಿ ಈಗ ಮತ್ತೆ ಶೆಡ್ಡಿನಲ್ಲಿ ಬೋರಲಾಗಿ ಬಿದ್ದಿದೆ. ನಾನು ಅದರ ಕಡೆ ಹೋಗುವುದಿಲ್ಲ.

ಅಣ್ಣ ಮುಂದಿನ ಬೇಸಿಗೆಯಲ್ಲಿ ಪುಣೆಯಲ್ಲೇ ತೀರಿಕೊಂಡ. ನನ್ನ ಮಂಡಿಯ ಆಪರೇಶನ್ ಆಗಿ ಹಾಸಿಗೆಯಲ್ಲಿದ್ದೆ, ಹೋಗಲಾಗಲಿಲ್ಲ. ಕೊನೆಯವರೆಗೂ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ ಎಂದು ಸುಮಿ ಹೇಳುತ್ತಾಳೆ. ನಾನು ಎದುರಾಡುವುದಿಲ್ಲ.

ಆದರೆ ಅವರು ಹೊರಟ ಬೆಳಗ್ಗೆ ನಾನು ನೋಡಿದ್ದೇನೆ. ಸುಮಿ ನನ್ನ ಮೇಲೆ ಇನ್ನೂ ಸಿಟ್ಟಿನಲ್ಲಿದ್ದಳು, ಮುಂದೆ ಡ್ರೈವರನ ಪಕ್ಕ ಕೂತು ಮೊಬೈಲಿನಲ್ಲಿ ಮಗ್ನಳಾಗಿದ್ದಳು. ಅಣ್ಣ ಹಿಂದೆ, ದಿಂಬುಗಳ ನಡುವೆ. ರಾತ್ರಿಯಿಡೀ ಅವನನ್ನು ಏನೇನೋ ಕೇಳಬೇಕೆಂದುಕೊಂಡಿದ್ದವಳು, ಬಾಗಿಲ ಬಳಿ ನಿಂತಾಗ, ಸ್ವೆಟರ್ ಹಾಕಿಕೊಂಡೆಯಾ ಎಂದಷ್ಟೇ ಕೇಳಿದೆ. ಎಸಿ ಹಾಕಿದ್ದರಿಂದ ಡ್ರೈವರು ಗಾಜು ಏರಿಸಿದ. ಗಾಜು ಪೂರ್ತಿ ಏರಿದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. ಅವನ ತುಟಿಗಳು ಅಲುಗಿದವು. ನಡುಕವಲ್ಲ. ಒಂದು ಪೂರ್ತಿ ವಾಕ್ಯ, ಆಮೇಲೆ ಇನ್ನೊಂದು. ನಡುವೆ ನಿಲ್ಲಿಸಿ, ನಾನು ಕೇಳಿಸಿಕೊಂಡೆನೋ ಇಲ್ಲವೋ ಎಂದು ನೋಡಿದ.

ಗಾಜು ಇಳಿಸಲೆಂದು ನಾನು ಕಾರಿನ ಬಾಗಿಲನ್ನು ಕೈಯಿಂದ ಎರಡು ಸಲ ಜೋರಾಗಿ ಬಡಿದೆ. ನಮ್ಮ ಕಡೆ ಬಸ್ಸಿರಲಿ, ಟೆಂಪೋ ಇರಲಿ, ಎರಡು ಬಡಿದರೆ ‘ರೈಟ್, ಹೋಗಲಿ’ ಎಂದು ಅರ್ಥ. ಡ್ರೈವರ್ ಕನ್ನಡಿಯಲ್ಲಿ ನನಗೊಂದು ನಮಸ್ಕಾರ ಮಾಡಿ ಗಾಡಿ ಬಿಟ್ಟ. ಮತ್ತೆ ಬಡಿಯಲು ಎತ್ತಿದ ಕೈ ಗಾಳಿಗೆ ಬಡಿಯಿತು. ಅಣ್ಣ ಇನ್ನೂ ಮಾತಾಡುತ್ತಲೇ ಇದ್ದ.